ಬೆಲ್ಲ ಮರೆಸುವ ಬಳ್ಳಿ

(ಬಾನುಲಿ ಭಾಷಣ)

ನಾಲಗೆಯ ಅನುಭವವನ್ನು ಹೇಳುವ ಎರಡು ಸಂಸ್ಕೃತ ಪದಗಳು ನಮ್ಮ ನುಡಿಯಲ್ಲಿ ನೆಲೆಯೂರಿವೆ. ಒಂದು ರಸ, ಇನ್ನೊಂದು ರುಚಿ. ಬಳಕೆಯಲ್ಲಿ ಇವೆರಡೂ ಒಂದೇ ಎಂಬಂತೆ ತೋರಿದರೂ ಮೂಲದಲ್ಲಿ ಇವುಗಳ ದಿಕ್ಕು ಬೇರೆ ಬೇರೆ. ರಸವೆಂದರೆ ವಸ್ತುವಿನ ಒಳಗಿರುವ ಸಾರ; ಅದು ಕಬ್ಬಿನಲ್ಲಿದೆ, ಮಾವಿನಲ್ಲಿದೆ, ಬೇವಿನಲ್ಲಿಯೂ ಇದೆ. ರುಚಿಯಾದರೋ ‘ರುಚ್’ ಎಂಬ ಧಾತುವಿನಿಂದ ಬಂದದ್ದು. ಹೊಳೆಯುವುದು, ಮೆಚ್ಚಾಗುವುದು ಎಂದು ಆ ಧಾತುವಿನ ಅರ್ಥ. ಮೆಚ್ಚಾಗಬೇಕಾದರೆ ಮೆಚ್ಚುವವನೊಬ್ಬನು ಬೇಕು. ಆದುದರಿಂದ ರಸವು ಪದಾರ್ಥದ ಸೊತ್ತು, ರುಚಿಯು ಉಣ್ಣುವವನ ಸೊತ್ತು ಎಂದು ಹೇಳಿದರೆ ತಪ್ಪಾಗಲಾರದು.

ಹಾಗಾದರೆ ಸಿಹಿ ಎಂಬುದು ಎಲ್ಲಿದೆ? ಸಕ್ಕರೆಯಲ್ಲಿಯೋ, ಅದನ್ನು ಸವಿಯುವ ನಾಲಗೆಯಲ್ಲಿಯೋ? ಮೇಲುನೋಟಕ್ಕೆ ಇದು ಬಿಡುವಾಗಿ ಕುಳಿತವರ ಪ್ರಶ್ನೆಯಂತೆ ಕಾಣಬಹುದು. ಆದರೆ ಇದಕ್ಕೆ ಎರಡು ಸಾವಿರ ವರ್ಷಗಳಿಗೂ ಮೀರಿದ ಚರಿತ್ರೆಯುಂಟು. ಆ ಚರಿತ್ರೆಯ ಈಚಿನ ಒಂದು ಅಧ್ಯಾಯಕ್ಕೆ ಕಾರಣವಾದದ್ದು ನಮ್ಮ ಕಾಡುಗಳಲ್ಲಿಯೇ ಹಬ್ಬಿ ಬೆಳೆಯುವ ಒಂದು ಸಾಧಾರಣ ಬಳ್ಳಿ. ಇಂದು ಆ ಬಳ್ಳಿಯ ಎಲೆ ಔಷಧವೆಂಬ ಹೆಸರಿನಲ್ಲಿ ಅನೇಕ ಮನೆಗಳನ್ನು ಹೊಕ್ಕಿದೆ. ಅದರ ಕಥೆಯನ್ನು ಸರಿಯಾಗಿ ತಿಳಿಯುವುದು ವಿನೋದಕ್ಕೆ ಮಾತ್ರವಲ್ಲ, ಕ್ಷೇಮಕ್ಕೂ ಅಗತ್ಯ.

ಮೊದಲು ನಮ್ಮ ತಾರ್ಕಿಕರ ಮಾತನ್ನು ಕೇಳೋಣ. ನ್ಯಾಯ ವೈಶೇಷಿಕರ ಮತದಲ್ಲಿ ರಸವೆಂಬುದು ದ್ರವ್ಯದ ಗುಣ; ರಸನೇಂದ್ರಿಯವು ಅದನ್ನು ಗ್ರಹಿಸುತ್ತದೆ, ಹುಟ್ಟಿಸುವುದಿಲ್ಲ. ಪೃಥ್ವಿಯಲ್ಲಿ ಆರು ರಸಗಳೂ ಉಂಟು. ಜಲದಲ್ಲಿ ಇರುವುದು ಮಧುರವೊಂದೇ. ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ: ನೀರು ಸಿಹಿಯಾಗಿದ್ದರೆ ಕುಡಿದಾಗಲೆಲ್ಲ ಏಕೆ ಸಿಹಿಯೆನಿಸುವುದಿಲ್ಲ? ಹದಿನೇಳನೆಯ ಶತಮಾನದ ವಿಶ್ವನಾಥ ಪಂಚಾನನನು ತನ್ನ ‘ಸಿದ್ಧಾಂತ ಮುಕ್ತಾವಳಿ’ಯಲ್ಲಿ ಇದಕ್ಕೆ ಕೊಟ್ಟ ಸಮಾಧಾನ ಸ್ವಾರಸ್ಯವಾಗಿದೆ. ಅಳಲೆಕಾಯಿಯಂಥವನ್ನು ತಿಂದ ಮೇಲೆ ನೀರು ಕುಡಿದು ನೋಡಿ. ಅದರ ಸಿಹಿ ಆಗ ವ್ಯಕ್ತವಾಗುತ್ತದೆ ಎಂಬುದು ಅವನ ಮಾತಿನ ತಾತ್ಪರ್ಯ. ನೆಲ್ಲಿಕಾಯಿ ತಿಂದು ನೀರು ಕುಡಿದ ನಮ್ಮ ಮಕ್ಕಳಿಗೆಲ್ಲ ಇದು ಗೊತ್ತಿರುವ ಸಂಗತಿ. ಅಳಲೆಕಾಯಿ ಸಿಹಿಯನ್ನು ಹುಟ್ಟಿಸಲಿಲ್ಲ, ನೀರಿನಲ್ಲಿ ಮೊದಲೇ ಇದ್ದದ್ದನ್ನು ಬೆಳಗಿಸಿತು. ಅದು ವ್ಯಂಜಕ ಮಾತ್ರ ಎಂಬುದು ತಾರ್ಕಿಕನ ನಿಲವು.

ಪಶ್ಚಿಮದಲ್ಲಿ ಇದಕ್ಕೆ ಎದುರಾದ ಮಾತೂ ಹಳೆಯದೇ. ಗ್ರೀಸಿನ ಡೆಮಾಕ್ರಿಟಸನು ಪರಮಾಣುಗಳೂ ಶೂನ್ಯವೂ ಮಾತ್ರ ನಿಜ, ಸಿಹಿ ಕಹಿಗಳೆಲ್ಲ ರೂಢಿಯ ಮಾತು ಎಂದು ಸಾರಿದನು. 1623ರಲ್ಲಿ ಗೆಲಿಲಿಯೋ ಅದೇ ವಿಚಾರವನ್ನು ಹೊಸದಾಗಿ ಮಂಡಿಸಿ, ರುಚಿ ವಾಸನೆ ಬಣ್ಣಗಳು ಅನುಭವಿಸುವ ಜೀವಿಯಲ್ಲಿ ಇರತಕ್ಕವು, ಜೀವಿಯನ್ನು ತೆಗೆದರೆ ಅವೂ ಇಲ್ಲವಾಗುತ್ತವೆ ಎಂದು ವಾದಿಸಿದನು. ಎರಡು ಪಕ್ಷಗಳೂ ಬಲವಾದುವೇ. ಆದರೆ ಎರಡಕ್ಕೂ ಆಧಾರವಾಗಿದ್ದದ್ದು ತರ್ಕ ಮತ್ತು ದಿನಬಳಕೆಯ ಅನುಭವ. ನಾಲಗೆಯನ್ನೇ ಬದಲಾಯಿಸಿ ನೋಡುವ ಸಾಧನ ಯಾರ ಕೈಯಲ್ಲಿಯೂ ಇರಲಿಲ್ಲ.

ಆ ಸಾಧನವೇ ನಾನು ಹೇಳಹೊರಟ ಬಳ್ಳಿ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಜಿಮ್ನೀಮಾ ಸಿಲ್ವೆಸ್ಟ್ರೆ. ನಮ್ಮ ಎಕ್ಕದ ಗಿಡಕ್ಕೆ ಇದು ಸಮೀಪದ ಬಂಧು. ಮರಗಳ ಮೇಲೆ ಹಬ್ಬುವ ಗಟ್ಟಿ ಬಳ್ಳಿ, ಎದುರುಬದುರಾಗಿ ಜೋಡಿಸಿದ ಎಲೆಗಳು, ಗೊಂಚಲಾಗಿ ಬಿಡುವ ಸಣ್ಣ ಹಳದಿ ಹೂಗಳು. ದಖ್ಖಣದ ಕಾಡುಗಳಲ್ಲಿ, ಪಶ್ಚಿಮ ಘಟ್ಟದ ಇಳಿಜಾರುಗಳಲ್ಲಿ, ಸಿಂಹಳದಲ್ಲಿ, ಆಫ್ರಿಕಾದ ಉಷ್ಣ ಭಾಗಗಳಲ್ಲಿ ಇದು ಬೆಳೆಯುತ್ತದೆ. ನೋಡುವುದಕ್ಕೆ ಯಾವ ವಿಶೇಷವೂ ಇಲ್ಲ. ಆದರೆ ಇದರ ಒಂದೆರಡು ಹಸಿ ಎಲೆಗಳನ್ನು ಚೆನ್ನಾಗಿ ಅಗಿದು ನಾಲಗೆಯ ಮೇಲೆಲ್ಲ ಹರಡಿಕೊಂಡು, ಆಮೇಲೆ ಒಂದು ಚಿಟಿಕೆ ಸಕ್ಕರೆಯನ್ನು ಬಾಯಿಗೆ ಹಾಕಿಕೊಂಡರೆ ಅದು ಮರಳಿನಂತೆ ಇರುತ್ತದೆ. ಹರಳು ಹರಳಾಗಿ ಹಲ್ಲಿಗೆ ಸಿಗುತ್ತದೆ, ಕರಗುತ್ತದೆ. ಸಿಹಿ ಮಾತ್ರ ಇಲ್ಲ. ಬೆಲ್ಲ, ಜೇನು, ಹಣ್ಣು ಎಲ್ಲಕ್ಕೂ ಇದೇ ಗತಿ. ಉಪ್ಪು ಉಪ್ಪಾಗಿಯೇ ಇರುತ್ತದೆ, ಹುಳಿ ಹುಳಿಯಾಗಿಯೇ. ಅರ್ಧ ಗಂಟೆಯೋ ಒಂದು ಗಂಟೆಯೋ ಕಳೆದರೆ ಸಿಹಿ ತಾನಾಗಿ ಮರಳಿ ಬರುತ್ತದೆ.

ಜನ ಇದನ್ನು ಬಲ್ಲರು ಎಂಬುದಕ್ಕೆ ಹೆಸರುಗಳೇ ಸಾಕ್ಷಿ. ಹಿಂದಿಯವರು ಇದನ್ನು ಗುಡ್‌ಮಾರ್ ಎನ್ನುತ್ತಾರೆ. ಬೆಲ್ಲವನ್ನು ಕೊಲ್ಲುವುದು ಎಂದರ್ಥ. ಮಲಯಾಳದಲ್ಲಿ ಚಕ್ಕರಕ್ಕೊಲ್ಲಿ, ತಮಿಳಿನಲ್ಲಿ ಸರ್ಕರೈಕೊಲ್ಲಿ, ಅರ್ಥ ಅದೇ. ಕನ್ನಡದಲ್ಲಿ ಸಣ್ಣಗೆರಸೆ ಹಂಬು ಎಂಬ ಹೆಸರಿದ್ದರೂ ಈಗ ಹೆಚ್ಚು ಬಳಕೆಯಲ್ಲಿರುವುದು ಮಧುನಾಶಿನಿ. ವೈದ್ಯಗ್ರಂಥಗಳ ಮೇಷಶೃಂಗಿ ಇದೇ ಎಂದು ಹಲವರು ಹೇಳುತ್ತಾರೆ. ಟಗರಿನ ಕೊಂಬಿನಂತಿರುವ ಕಾಯಿಯನ್ನು ಕಂಡು ಇಟ್ಟ ಹೆಸರು ಅದು. ಆದರೆ ಬೇರೊಂದು ಕುಲಕ್ಕೆ ಸೇರಿದ ಒಂದು ಮರಕ್ಕೂ ಮೇಷಶೃಂಗಿ ಎಂಬ ಹೆಸರಿದ್ದು, ಮರಾಠಿಯ ಮೇಢಶಿಂಗಿ ಎಂಬ ಮಾತು ಆ ಮರವನ್ನೇ ಸೂಚಿಸುತ್ತದೆ. ಆದುದರಿಂದ ಹಳೆಯ ಗ್ರಂಥದಲ್ಲಿ ಮೇಷಶೃಂಗಿ ಎಂದು ಕಂಡ ಕಡೆಯಲ್ಲೆಲ್ಲ ಈ ಬಳ್ಳಿಯನ್ನೇ ಕಾಣುವುದು ಆತುರವಾದೀತು. ಒಂದು ಅಂಶ ಮಾತ್ರ ಸ್ಪಷ್ಟ. ಮೇಷಶೃಂಗಿ ಎಂದವರು ಕಣ್ಣಿನಿಂದ ನೋಡಿ ಹೆಸರಿಟ್ಟರು. ಬೆಲ್ಲ ಕೊಲ್ಲುವುದು ಎಂದವರು ಬಾಯಲ್ಲಿಟ್ಟು ನೋಡಿ ಹೆಸರಿಟ್ಟರು.

ಯೂರೋಪಿನ ವಿದ್ವತ್ಸಭೆಗಳಿಗೆ ಈ ಸುದ್ದಿ ಮುಟ್ಟಿದ್ದು 1847ರಲ್ಲಿ. ಅದನ್ನು ಕಳುಹಿಸಿದವನು ಮೈಕೇಲ್ ಪೇಕನ್‌ಹ್ಯಾಮ್ ಎಜ್‌ವರ್ತ್. ಐರ್ಲೆಂಡಿನಲ್ಲಿ 1812ರಲ್ಲಿ ಹುಟ್ಟಿ, ಕಂಪನಿ ಸರ್ಕಾರದ ಅಧಿಕಾರಿಯಾಗಿ ಉತ್ತರ ಹಿಂದೂಸ್ಥಾನದಲ್ಲಿ ಕೆಲಸಮಾಡಿದವನು. ಸಸ್ಯಶಾಸ್ತ್ರ ಅವನ ಬಿಡುವಿನ ವ್ಯಾಸಂಗ. ಸಾಹಿತ್ಯಾಸಕ್ತರು ಅವನನ್ನು ‘ಕಾಸಲ್ ರ್‍ಯಾಕ್‌ರೆಂಟ್’ ಕಾದಂಬರಿ ಬರೆದ ಮರಾಯ ಎಜ್‌ವರ್ತಳ ಮಲತಮ್ಮನೆಂದು ಗುರುತಿಸಬಹುದು. ಈ ಎಲೆಯನ್ನು ಅಗಿದರೆ ನಾಲಗೆಗೆ ಸಕ್ಕರೆಯ ರುಚಿ ತಿಳಿಯದೆ ಹೋಗುತ್ತದೆ ಎಂಬ ಅವನ ಅನುಭವವನ್ನು ಸಸ್ಯಶಾಸ್ತ್ರಜ್ಞ ಹ್ಯೂ ಫಾಲ್ಕನರ್ ಲಂಡನ್ನಿನ ವಿದ್ವಾಂಸರ ಗಮನಕ್ಕೆ ತಂದನು. ಕೌತುಕದ ಸುದ್ದಿಯಾಗಿ ಅದು ಅಚ್ಚಾಯಿತು. ಮುಂದೆ ಸುಮಾರು ನಲವತ್ತು ವರ್ಷ ಅದರ ಜಾಡನ್ನು ಹಿಡಿದು ಮುಂದುವರಿದವರು ಹೆಚ್ಚಿಲ್ಲ.

ಮುಂದಿನ ಹೆಜ್ಜೆ ಇಟ್ಟದ್ದು ನಮ್ಮ ನೆರೆಯ ಉದಕಮಂಡಲದಲ್ಲಿ. ನೀಲಗಿರಿಯಲ್ಲಿ ಮದರಾಸು ಸರ್ಕಾರ ಸಿಂಕೋನಾ ತೋಟಗಳನ್ನು ಬೆಳೆಸಿತ್ತು. ಆ ತೊಗಟೆಯಲ್ಲಿ ಕ್ವಿನೈನು ಎಷ್ಟಿದೆಯೆಂದು ಪರೀಕ್ಷಿಸುವ ಸರ್ಕಾರಿ ರಸಾಯನಜ್ಞನಾಗಿದ್ದವನು ಡೇವಿಡ್ ಹೂಪರ್. ಕಹಿಯನ್ನು ಅಳೆಯುವುದೇ ಉದ್ಯೋಗವಾಗಿದ್ದ ಮನುಷ್ಯನ ಕೈಗೆ ಸಿಹಿಯನ್ನು ಅಳಿಸುವ ಎಲೆ ಬಂದು ಸೇರಿತು. 1887ರಲ್ಲಿ ಲಂಡನ್ನಿನ ‘ನೇಚರ್’ ಪತ್ರಿಕೆಯಲ್ಲಿ ಅವನು ಪ್ರಕಟಿಸಿದ ಲೇಖನ ಇಂದಿಗೂ ಓದುವಂತಿದೆ. ಎಲೆ ಅಗಿದ ಮೇಲೆ ಶುಂಠಿ ಹಾಕಿದ ಸಿಹಿತಿಂಡಿಯಲ್ಲಿ ಶುಂಠಿಯ ಖಾರವೊಂದೇ ಉಳಿಯಿತು, ಮಿಕ್ಕದ್ದು ಸಪ್ಪೆ ಹಿಟ್ಟು. ಸಿಹಿ ಕಿತ್ತಳೆ ನಿಂಬೆಯಂತೆ ಹುಳಿಯಾಯಿತು. ಕ್ವಿನೈನು ಕೂಡ ಸೀಮೆಸುಣ್ಣದಂತೆ ತೋರಿತು. ಹಿಂದಿನ ವರದಿಗಳಲ್ಲಿದ್ದಂತೆ ಇದರ ಪ್ರಭಾವ ದಿನವಿಡೀ ಉಳಿಯುವುದಿಲ್ಲ, ಒಂದೆರಡು ಗಂಟೆ ಮಾತ್ರ ಎಂದು ಅವನು ಕಂಡುಕೊಂಡನು. ಎಲೆಯಿಂದ ಒಂದು ಆಮ್ಲವನ್ನು ಬೇರ್ಪಡಿಸಿ ಅದಕ್ಕೆ ಜಿಮ್ನೀಮಿಕ್ ಆಮ್ಲವೆಂದು ಹೆಸರಿಟ್ಟನು. ಕಹಿ ಔಷಧ ಕುಡಿಸುವುದಕ್ಕೆ ಇದನ್ನು ಬಳಸಬಹುದಲ್ಲ ಎಂಬ ಯೋಚನೆ ಯಾರಿಗಾದರೂ ಬರುವಂಥದು. ಆದರೆ ಈ ಎಲೆಯ ಔಷಧಗುಣವೇ ತಿಳಿಯದಿರುವಾಗ ಅದನ್ನು ಇನ್ನೊಂದು ಔಷಧದ ಜೊತೆಗೆ ಸೇರಿಸುವುದು ಸರಿಯಲ್ಲವೆಂದು ಅವನು ಎಚ್ಚರಿಸಿದನು. ಈ ಎಚ್ಚರದ ಮಾತನ್ನು ನೆನಪಿಡೋಣ, ಮುಂದೆ ಬೇಕಾಗುತ್ತದೆ.

ಹೂಪರನ ಎಲೆ ಕೇಂಬ್ರಿಜ್ ಸೇರಿತು. ಅಲ್ಲಿ 1892ರಲ್ಲಿ ಶೋರ್ ಎಂಬ ಶರೀರಶಾಸ್ತ್ರಜ್ಞ ಇದನ್ನು ಒಂದು ದೊಡ್ಡ ಪ್ರಶ್ನೆಗೆ ಒಡ್ಡಿದನು. ಎಲ್ಲ ರುಚಿಗಳನ್ನೂ ಒಯ್ಯುವುದು ಒಂದೇ ಬಗೆಯ ನರವೋ, ಒಂದೊಂದು ರುಚಿಗೆ ಒಂದೊಂದು ದಾರಿಯೋ? ದಾರಿ ಒಂದೇ ಆಗಿದ್ದರೆ ಅದನ್ನು ಮುಚ್ಚಿದಾಗ ಎಲ್ಲ ರುಚಿಗಳೂ ನಿಲ್ಲಬೇಕು. ಇಲ್ಲಿ ಹಾಗಾಗಲಿಲ್ಲ. ಸಿಹಿ ಹೋಯಿತು, ಕಹಿ ಸ್ವಲ್ಪ ಮಟ್ಟಿಗೆ ಕುಗ್ಗಿತು, ಉಪ್ಪು ಹುಳಿಗಳು ಹೆಚ್ಚುಕಡಿಮೆ ಹಾಗೆಯೇ ಉಳಿದವು. ಆದುದರಿಂದ ಸಿಹಿಗೆ ತನ್ನದೇ ಬಾಗಿಲಿರಬೇಕು ಎಂಬ ಅನುಮಾನಕ್ಕೆ ಬಲ ಬಂದಿತು. ಕಹಿ ಕುಗ್ಗುವುದಕ್ಕೆ ಕಾರಣ ಆ ಎಲೆಯ ಸ್ವಂತ ಕಹಿಯಿಂದ ನಾಲಗೆ ದಣಿಯುವುದೇ ಇರಬೇಕೆಂದು ಮುಂದಿನವರು ವಿವರಿಸಿದರು. ನಮ್ಮ ಷಡ್ರಸಗಳ ಪಟ್ಟಿಯೊಡನೆ ಇದನ್ನು ಹೋಲಿಸಿದರೆ ಇನ್ನೊಂದು ಸಂಗತಿ ಹೊಳೆಯುತ್ತದೆ. ಸಿಹಿ, ಹುಳಿ, ಉಪ್ಪು, ಕಹಿಗಳ ಜೊತೆಗೆ ನಾವು ಖಾರ ಮತ್ತು ಒಗರನ್ನೂ ಎಣಿಸುತ್ತೇವೆ. ಶರೀರಶಾಸ್ತ್ರವು ಆ ಎರಡನ್ನು ರುಚಿಯ ಮೊಗ್ಗುಗಳಿಗೆ ಸೇರಿಸದೆ ಉರಿ ಮತ್ತು ಸ್ಪರ್ಶಗಳ ಕಡೆಗೆ ಸೇರಿಸುತ್ತದೆ. ಹೂಪರನ ತಿಂಡಿಯಲ್ಲಿ ಶುಂಠಿಯ ಖಾರ ಚೂರೂ ಮಾಸದೆ ಉಳಿದದ್ದು ಈ ವಿಂಗಡಣೆಗೆ ಹೊಂದುವ ಮಾತೇ.

ಇಪ್ಪತ್ತನೆಯ ಶತಮಾನದಲ್ಲಿ ವಿಚಾರಣೆ ನಾಲಗೆಯಿಂದ ಒಳಕ್ಕೆ ಸರಿಯಿತು. ನಾಲಗೆಯ ಮುಂಭಾಗದ ರುಚಿಯನ್ನು ಒಯ್ಯುವ ನರವು ಕಿವಿಯ ನಡುಭಾಗವನ್ನು ಹಾದು ಹೋಗುತ್ತದೆ. ಕಿವಿಯ ಶಸ್ತ್ರಚಿಕಿತ್ಸೆಯ ಸಮಯದಲ್ಲಿ ಅದು ಕಣ್ಣಿಗೆ ಕಾಣುತ್ತದೆ. ಈ ಅವಕಾಶವನ್ನು ಬಳಸಿಕೊಂಡು 1965ರಲ್ಲಿ ಸ್ವೀಡನ್ನಿನ ಡಿಯಾಮಂಟ್, ಜೊಟರ್‌ಮನ್ ಮತ್ತು ಅವರ ಸಂಗಡಿಗರು ಮನುಷ್ಯರ ಆ ನರದ ವಿದ್ಯುತ್ ಸಂಕೇತಗಳನ್ನು ದಾಖಲಿಸಿದರು. ಜಿಮ್ನೀಮಾ ದ್ರಾವಣವನ್ನು ನಾಲಗೆಗೆ ಸವರಿದ ಮೇಲೆ ಸಕ್ಕರೆಗೆ ನರ ಸ್ಪಂದಿಸಲಿಲ್ಲ. ಅಂದರೆ ಸಿಹಿಯ ಸುದ್ದಿ ಮಿದುಳಿಗೆ ಹೋಗಿ ಅಲ್ಲಿ ತಿರಸ್ಕೃತವಾಗುತ್ತಿರಲಿಲ್ಲ. ನಾಲಗೆಯಿಂದ ಹೊರಡುತ್ತಲೇ ಇರಲಿಲ್ಲ. 1967ರಲ್ಲಿ ನೊಬೆಲ್ ಪುರಸ್ಕೃತ ರಸಾಯನಜ್ಞ ರೈಖ್‌ಸ್ಟೈನ್ ಮತ್ತು ಸಹೋದ್ಯೋಗಿಗಳು ಸ್ವಿಟ್ಜರ್ಲೆಂಡಿನಲ್ಲಿ ಈ ಆಮ್ಲದ ರಚನೆಯನ್ನು ಬಿಡಿಸಲು ತೊಡಗಿದರು. ಹೂಪರನು ಒಂದೆಂದು ತಿಳಿದದ್ದು ಒಂದಲ್ಲ, ಪರಸ್ಪರ ಹೋಲುವ ಆಮ್ಲಗಳ ಒಂದು ಸಂಸಾರ ಎಂದು ಕ್ರಮೇಣ ಗೊತ್ತಾಯಿತು. ಸೀಗೆ ಅಂಟುವಾಳಗಳಲ್ಲಿ ನೊರೆ ಬರಿಸುವ ಪದಾರ್ಥಗಳ ಜಾತಿಗೇ ಇವು ಸೇರಿದವು.

ಬಾಗಿಲು ಸಿಕ್ಕಿದ್ದು 2001ರಲ್ಲಿ. ರುಚಿಕೋಶದ ಮೇಲ್ಮೈಯಲ್ಲಿ ಎರಡು ಪ್ರೋಟೀನುಗಳು ಜೋಡಿಯಾಗಿ ನಿಂತು ಸಿಹಿಯನ್ನು ಗ್ರಹಿಸುತ್ತವೆ ಎಂದು ಅನೇಕ ಪ್ರಯೋಗಾಲಯಗಳು ತೋರಿಸಿದವು. ಈ ಗ್ರಾಹಕದ ಒಂದು ಭಾಗ ಕೋಶದ ಹೊರಗೆ ಚಾಚಿಕೊಂಡು ಸಕ್ಕರೆಯನ್ನು ಹಿಡಿಯುತ್ತದೆ. ಇನ್ನೊಂದು ಭಾಗ ಕೋಶದ ಪೊರೆಯೊಳಗೆ ಹೂತುಕೊಂಡಿದೆ. ಎಲೆಯ ಆಮ್ಲವು ಸಕ್ಕರೆಯ ಜಾಗದಲ್ಲಿ ತಾನೇ ಕುಳಿತು ದಾರಿ ತಪ್ಪಿಸುತ್ತದೆ ಎಂದು ಎಣಿಸುವುದು ಸುಲಭ. 2014ರಲ್ಲಿ ಜಪಾನಿನ ಸಂಶೋಧಕರು ಕಂಡದ್ದು ಬೇರೆ. ಆಮ್ಲವು ಹಿಡಿಯುವುದು ಪೊರೆಯೊಳಗಿನ ಭಾಗವನ್ನು. ಬೀಗದ ಕಿಂಡಿಯಲ್ಲಿ ಬೇರೆ ಕೈ ತುರುಕಿದಂತೆ ಅಲ್ಲ, ಕದದ ತಿರುಗಣಿಗೆ ಬೆಣೆ ಹೊಡೆದಂತೆ. ಸಕ್ಕರೆ ಬಂದು ಕದ ತಟ್ಟಿದರೂ ಕದ ಅಲುಗುವುದಿಲ್ಲ. ಪಿಷ್ಟದಿಂದ ತಯಾರಾಗುವ ಬಳೆಯಾಕಾರದ ಒಂದು ಪದಾರ್ಥದ ದ್ರಾವಣದಿಂದ ಬಾಯಿ ಮುಕ್ಕಳಿಸಿದರೆ ಅದು ಆಮ್ಲವನ್ನು ತನ್ನೊಳಗೆ ಸೆಳೆದುಕೊಂಡು ಸಿಹಿಯನ್ನು ಬೇಗನೆ ಮರಳಿಸುತ್ತದೆ ಎಂದೂ ಅವರು ತೋರಿಸಿದರು. ಇದೇ ಆಮ್ಲ ಇಲಿಯ ನಾಲಗೆಯ ಮೇಲೆ ನಡೆಯುವುದಿಲ್ಲ. ಅಲ್ಲಿಯ ಗ್ರಾಹಕದ ಕಟ್ಟಡವೇ ಸ್ವಲ್ಪ ಬೇರೆ. ಇಲಿಗೆ ನಾಟುವುದು ಇದೇ ಎಲೆಯಲ್ಲಿರುವ ಗುರ್ಮಾರಿನ್ ಎಂಬ ಇನ್ನೊಂದು ಪದಾರ್ಥ. 35 ಅಮೈನೋ ಆಮ್ಲಗಳ ಆ ಸರಪಣಿ ಮನುಷ್ಯನ ನಾಲಗೆಯಲ್ಲಿ ಹೆಚ್ಚೇನನ್ನೂ ಮಾಡಲಾರದು. ಹಿಂದಿಯ ಹಳ್ಳಿಯ ಹೆಸರೊಂದು ಹೀಗೆ ಜಗತ್ತಿನ ರಸಾಯನಶಾಸ್ತ್ರಕ್ಕೆ ಸೇರಿಕೊಂಡಿತು.

ಈ ಶಕ್ತಿ ನಮ್ಮ ಬಳ್ಳಿಗೆ ಮಾತ್ರ ಮೀಸಲಲ್ಲ. ಚೀನದ ಬೋರೆಯ ಎಲೆಗಳಲ್ಲಿಯೂ ಸಿಹಿಯನ್ನು ತಡೆಯುವ ಪದಾರ್ಥಗಳಿವೆ, ಆದರೆ ಅವುಗಳ ಪ್ರಭಾವ ಅಲ್ಪಾಯು. ಹುರಿದ ಕಾಫಿ ಬೀಜದಲ್ಲಿ ಇರುವ ಲ್ಯಾಕ್ಟಿಸೋಲ್ ಎಂಬುದೂ ಸಿಹಿಯ ಗ್ರಾಹಕವನ್ನು ಕಟ್ಟಿಹಾಕುತ್ತದೆ. ವಿಶ್ವನಾಥ ಪಂಚಾನನನ ನೀರಿನ ಪ್ರಶ್ನೆ ಇಲ್ಲಿ ಮತ್ತೆ ಎದುರಾಗುತ್ತದೆ. ಸಿಹಿಯನ್ನು ತಡೆಯುವ ಕೆಲವು ಪದಾರ್ಥಗಳನ್ನು ನೀರಿನಿಂದ ತೊಳೆದಾಗ ಆ ಬರಿಯ ನೀರೇ ಸಿಹಿಯೆನಿಸುತ್ತದೆ. ಅದುಮಿಟ್ಟ ಗ್ರಾಹಕ ಬಿಡುಗಡೆಯಾದೊಡನೆ ತಾನಾಗಿ ಪುಟಿಯುತ್ತದೆ ಎಂದು 2006ರಲ್ಲಿ ಪ್ರಕಟವಾದ ಸಂಶೋಧನೆ ವಿವರಿಸಿತು. ಅಳಲೆಕಾಯಿಯಲ್ಲಿ ನಡೆಯುವುದೂ ಇದೇ ಎಂದು ನಾನು ಹೇಳುತ್ತಿಲ್ಲ. ನೀರಿನ ಸಿಹಿಗೆ ಕಾರಣವನ್ನು ನೀರಿನಲ್ಲಿಯೇ ಹುಡುಕಬೇಕಾಗಿಲ್ಲ ಎಂಬುದಷ್ಟೇ ಇದರಿಂದ ತಿಳಿಯುವುದು.

ಬಳ್ಳಿಗೆ ಈ ವಿದ್ಯೆ ಏತಕ್ಕೆ? ಮನುಷ್ಯನ ಪಾಯಸವನ್ನು ಕೆಡಿಸುವುದು ಅದರ ಉದ್ದೇಶವಾಗಿರಲಾರದು. 1974ರಲ್ಲಿ ಅಮೆರಿಕದ ಐಸ್ನರ್ ಮತ್ತು ಸಂಗಡಿಗರು ಜಿಮ್ನೀಮಿಕ್ ಆಮ್ಲ ಬೆರೆಸಿದ ಆಹಾರವನ್ನು ಒಂದು ಜಾತಿಯ ಕಂಬಳಿಹುಳುಗಳಿಗೆ ಒಡ್ಡಿ ನೋಡಿದರು. ಹುಳುಗಳಿಗೆ ಅದು ಒಗ್ಗಲಿಲ್ಲ. ಓಡಲಾರದ ಗಿಡ ತನ್ನ ಎಲೆಯನ್ನು ಕಾಯುವುದಕ್ಕೆ ಕಂಡುಕೊಂಡ ಉಪಾಯ ಇದು ಎನ್ನಬಹುದು.

ಇನ್ನು ಹೆಸರು ತಂದಿರುವ ತೊಡಕು. ಮಧುಮೇಹವೆಂಬ ರೋಗವನ್ನು ಹಿಂದಿನವರು ಗುರುತಿಸಿದ್ದು ಮೂತ್ರದ ಸಿಹಿಯಿಂದ. ನಮ್ಮ ಸಂಹಿತೆಗಳು ಅದನ್ನು ಜೇನಿಗೆ ಹೋಲಿಸಿದವು. ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ ರುಚಿ ನೋಡಿಯೇ ಬರೆದನು. ಹೀಗೆ ನಾಲಗೆಯ ಮಾತು ರೋಗಕ್ಕೆ ಅಂಟಿಕೊಂಡಿತು. ಮಧುನಾಶಿನಿ ಎಂಬ ಹೆಸರು ಕೇಳಿದೊಡನೆ ಅದು ಮಧುಮೇಹವನ್ನೂ ನಾಶಮಾಡುತ್ತದೆ ಎಂಬ ತೀರ್ಮಾನ ಮನಸ್ಸಿನಲ್ಲಿ ತಾನಾಗಿ ಮೂಡುತ್ತದೆ. ಹೆಸರೂ ಒಂದು ವಾದವೇ. ಆದರೆ ಅದು ಪ್ರಮಾಣವಲ್ಲ. ನಮ್ಮ ಬೀದಿಯ ಹಿರಿಯರೊಬ್ಬರು ಮಾತ್ರೆಗಳನ್ನು ಬಿಟ್ಟು ಬೆಳಗ್ಗೆ ಎದ್ದು ಈ ಎಲೆ ಅಗಿಯತೊಡಗಿದ್ದರು. “ಬಾಯಲ್ಲಿ ಸಕ್ಕರೆ ಸತ್ತರೆ ಮೈಯಲ್ಲಿಯೂ ಸತ್ತಂತೆ ಅಲ್ಲವೇ, ಸ್ವಾಮಿ?” ಎಂಬುದು ಅವರ ಪ್ರಶ್ನೆ. ಅಲ್ಲ. ರುಚಿ ತಿಳಿಯದೆ ನುಂಗಿದ ಸಕ್ಕರೆಯೂ ಸಕ್ಕರೆಯೇ. ಹೊಟ್ಟೆ ಅದನ್ನು ಕರಗಿಸಿ ರಕ್ತಕ್ಕೆ ಸೇರಿಸಿಯೇ ಸೇರಿಸುತ್ತದೆ.

ಹಾಗೆಂದು ಈ ಎಲೆಗೆ ರಕ್ತದ ಸಕ್ಕರೆಯ ಮೇಲೆ ಏನೂ ಪ್ರಭಾವವಿಲ್ಲವೆಂದು ತಳ್ಳಿಹಾಕುವುದೂ ಸಲ್ಲದು. 1930ರಲ್ಲಿ ಮ್ಹಸ್ಕರ್ ಮತ್ತು ಕೈಯಸ್ ಎಂಬವರು ಇದನ್ನು ಕುರಿತು ವಿಸ್ತಾರವಾದ ಅಧ್ಯಯನ ಪ್ರಕಟಿಸಿದರು. 1990ರಲ್ಲಿ ಮದರಾಸಿನ ಸಂಶೋಧಕರು ಎಲೆಯ ಸಾರವನ್ನು ಮಧುಮೇಹಿಗಳಿಗೆ ವಾಡಿಕೆಯ ಚಿಕಿತ್ಸೆಯ ಜೊತೆಗೆ ಕೊಟ್ಟು ಸಕ್ಕರೆಯ ಮಟ್ಟ ಇಳಿದುದನ್ನು ವರದಿಮಾಡಿದರು. ಆದರೆ ಆ ರೋಗಿಗಳ ಸಂಖ್ಯೆ ಒಂದು ಅಧ್ಯಯನದಲ್ಲಿ 27, ಇನ್ನೊಂದರಲ್ಲಿ 22. ಇಷ್ಟು ಸಣ್ಣ ಆಧಾರದ ಮೇಲೆ ವೈದ್ಯರ ಔಷಧವನ್ನು ಬಿಡಬಹುದೆಂದು ಯಾರೂ ಹೇಳಲಾರರು. ಔಷಧದ ಜೊತೆಗೆ ಇದನ್ನೂ ಸೇವಿಸಿದರೆ ಸಕ್ಕರೆ ಮಿತಿಮೀರಿ ಇಳಿಯುವ ಅಪಾಯವೂ ಉಂಟು. ಯಕೃತ್ತಿಗೆ ತೊಂದರೆಯಾದ ಪ್ರಸಂಗವೂ ವೈದ್ಯಪತ್ರಿಕೆಯಲ್ಲಿ ದಾಖಲಾಗಿದೆ. ಹೂಪರನ ಎಚ್ಚರಿಕೆ ಇಂದಿಗೂ ಹಳತಾಗಿಲ್ಲ. ನಾಲಗೆಯ ಮೇಲೆ ಸಿದ್ಧವಾದದ್ದು ರಕ್ತದಲ್ಲಿಯೂ ಸಿದ್ಧವಾಗಬೇಕಾದರೆ ಅದಕ್ಕೆ ಬೇರೆಯೇ ಪರೀಕ್ಷೆ ಬೇಕು.

ಕೊನೆಯದಾಗಿ ಮೊದಲಿನ ಪ್ರಶ್ನೆಗೆ ಬರೋಣ. ಈ ಎಲೆ ಗೆಲಿಲಿಯೋನ ಪಕ್ಷವನ್ನು ಗೆಲ್ಲಿಸಿತೆ? ನಮ್ಮ ತಾರ್ಕಿಕ ಅಷ್ಟು ಬೇಗ ಸೋಲುವವನಲ್ಲ. ಅಳಲೆಕಾಯಿ ವ್ಯಂಜಕವಾದರೆ ಮಧುನಾಶಿನಿ ಪ್ರತಿಬಂಧಕ. ಸಿಹಿ ಸಕ್ಕರೆಯಲ್ಲಿಯೇ ಇದೆ, ತಿಳಿಯುವುದಕ್ಕೆ ಅಡ್ಡಿ ಬಂದಿದೆ ಅಷ್ಟೆ ಎಂದು ಅವನು ಹೇಳಬಲ್ಲ. ಆಗ ಅವನ ಮುಂದೆ ಬೆಕ್ಕನ್ನು ತಂದು ನಿಲ್ಲಿಸಬೇಕು. ಸಿಹಿಯ ಗ್ರಾಹಕಕ್ಕೆ ಬೇಕಾದ ಎರಡು ಪ್ರೋಟೀನುಗಳಲ್ಲಿ ಒಂದು ಬೆಕ್ಕಿನ ಕುಲದಲ್ಲಿ ರೂಪುಗೊಳ್ಳುವುದೇ ಇಲ್ಲವೆಂದು 2005ರಲ್ಲಿ ತಿಳಿದುಬಂತು. ಯಾವ ಅಡ್ಡಿಯೂ ಇಲ್ಲದ ನಾಲಗೆಗೂ ಸಕ್ಕರೆ ಸಿಹಿಯಲ್ಲ. ಹಾಗೆಂದು ಸಿಹಿ ಬರಿಯ ರೂಢಿ ಎನ್ನುವುದೂ ಸಾಧ್ಯವಿಲ್ಲ. ಸಕ್ಕರೆಯ ಅಣುವಿಗೆ ಆ ಆಕಾರವಿಲ್ಲದಿದ್ದರೆ ಯಾವ ನಾಲಗೆಯೂ ಅದನ್ನು ಹಿಡಿಯಲಾರದು.

ಕಾವ್ಯಮೀಮಾಂಸೆ ಬಲ್ಲವರಿಗೆ ಈ ಸ್ಥಿತಿ ಅಪರಿಚಿತವಲ್ಲ. ರಸವು ಮೂಲಪಾತ್ರವಾದ ರಾಮನಲ್ಲಿದೆ ಎಂದು ಭಟ್ಟ ಲೊಲ್ಲಟನು ಹೇಳಿದಾಗ, ಅದು ಸಹೃದಯನ ಆಸ್ವಾದದಲ್ಲಿ ಸಿದ್ಧವಾಗುತ್ತದೆ ಎಂದು ಅಭಿನವಗುಪ್ತನು ಉತ್ತರಿಸಿದನು. ಕಾವ್ಯವಿಲ್ಲದೆ ಆ ಆಸ್ವಾದವಿಲ್ಲ. ಸಹೃದಯನಿಲ್ಲದೆ ಕಾವ್ಯ ಬರಿಯ ಅಕ್ಷರ. ಸಕ್ಕರೆಯ ವಿಷಯದಲ್ಲಿಯೂ ನಾವು ತಲುಪಿರುವುದು ಹೆಚ್ಚುಕಡಿಮೆ ಅದೇ ಎಡೆಗೆ. ರಸ ಅಲ್ಲಿರಬೇಕು, ರುಚಿ ಇಲ್ಲಿರಬೇಕು. ಎರಡೂ ಕೂಡಿದಾಗ ಸಿಹಿ. ನಮ್ಮ ಭಾಷೆ ಈ ಎರಡು ಪದಗಳನ್ನೂ ಬಿಡದೆ ಇಟ್ಟುಕೊಂಡದ್ದು ಒಳ್ಳೆಯದೇ ಆಯಿತು.